ಬಾಗಿಲಲ್ಲಿ ಕೇಳುವ ಪ್ರಶ್ನೆ

1994ರ ಜುಲೈ. ಧಾರೇಶ್ವರದಲ್ಲಿ ಮಳೆ ಹಿಡಿದ ಪಟ್ಟು ಬಿಟ್ಟಿರಲಿಲ್ಲ. ಎಂ.ಎ. ಓದಲು ಧಾರವಾಡಕ್ಕೆ ಹೊರಟ ನನಗೆ ಆಯಿ ಒಂದು ಗೋಣಿಚೀಲದಲ್ಲಿ ಕುಚ್ಚಿಗೆ ಅಕ್ಕಿ, ಆರು ತೆಂಗಿನಕಾಯಿ, ಒಂದು ಡಬ್ಬಿ ಒಣ ಮುರುಗಲು ಸಿಪ್ಪೆ ಕಟ್ಟಿಕೊಟ್ಟಳು. ಒಣಸಿಗಡಿಯ ಪೊಟ್ಟಣವನ್ನೂ ಕೈಗೆತ್ತಿಕೊಂಡಿದ್ದಳು. ಅದನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತು, ತಿರುಗಿ ಅಟ್ಟದ ಮೇಲಿಟ್ಟಳು. ‘ಅಲ್ಲಿ ಮನೆ ಸಿಗೂದೇ ಕಷ್ಟ ಅಂತಾರೆ. ಇದೊಂದು ಬ್ಯಾಡ’ ಎಂದಳು. ಘಟ್ಟ ಹತ್ತಿ ಒಮ್ಮೆಯೂ ಹೋಗಿರದ ಆಯಿಗೆ ಧಾರವಾಡದ ಬಾಡಿಗೆ ಮನೆಗಳ ನಿಯಮ ಹೇಗೋ ಗೊತ್ತಿತ್ತು.

ಧಾರವಾಡದಲ್ಲಿ ನಾನು ನೋಡಿದ ಮೂರನೆಯ ಮನೆ ಇಂದಿಗೂ ನೆನಪಿದೆ. ಅಂಗಳದಲ್ಲಿ ಪಾರಿಜಾತ, ಪಡಸಾಲೆಯ ಗೋಡೆ ತುಂಬ ಪುಸ್ತಕ. ನಿವೃತ್ತ ಶಿಕ್ಷಕರಾದ ಮಾಲೀಕರು ಚಹಾ ಕೊಟ್ಟರು. ಏನು ಓದುತ್ತೀ, ಯಾರನ್ನು ಓದಿದ್ದೀ ಎಂದು ಅಕ್ಕರೆಯಿಂದ ವಿಚಾರಿಸಿದರು. ಬಸವಣ್ಣನವರ ಬಗ್ಗೆ, ಜಾತಿ ಅಳಿಯದೆ ನಾಡು ಬೆಳೆಯದು ಎಂಬುದರ ಬಗ್ಗೆ ಅರ್ಧ ತಾಸು ಮಾತಾಡಿದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ ಎಂದು ಇವತ್ತಿಗೂ ನಂಬುತ್ತೇನೆ. ಆಮೇಲೆ ಊರು ಕೇಳಿದರು. ಕುಮಟಾ ಹತ್ತಿರ, ಸಮುದ್ರದ ಬಗಲಲ್ಲೇ ಎಂದೆ. ಅವರ ಮುಖ ಸಣ್ಣಗಾಯಿತು.

‘ಹಂಗಾರ ಮೀನ ತಿಂತೀರೇನು?’

‘ಮನೆಯಲ್ಲಿ ತಿಂತೇವೆ ಸರ್. ಇಲ್ಲಿ ಮಾಡುವುದಿಲ್ಲ.’

‘ನಮ್ಮದೇನು ಅಭ್ಯಂತರ ಇಲ್ಲಪಾ. ಮನ್ಯಾಗ ಹಿರ್ಯಾರು ಅದಾರ. ಅವರು ಒಪ್ಪಂಗಿಲ್ಲ.’

ಮುಂದಿನ ಎರಡು ವಾರಗಳಲ್ಲಿ ಇದೇ ಮಾತನ್ನು ಹಲವು ಬಾಗಿಲುಗಳಲ್ಲಿ ಕೇಳಿದೆ. ಒಂದು ಕಡೆ ಹಿರಿಯರು, ಇನ್ನೊಂದು ಕಡೆ ಮೇಲಿನ ಮನೆಯವರು, ಮತ್ತೊಂದು ಕಡೆ ದೇವರ ಕೋಣೆ. ಬೇಡ ಎನ್ನುವವರು ಯಾವಾಗಲೂ ಎದುರಿಗೆ ಇಲ್ಲದವರೇ ಆಗಿರುತ್ತಿದ್ದರು. ಕೊನೆಗೆ ಹೊನ್ನಾವರ ಕಡೆಯ ಇಬ್ಬರು ಹಿರಿಯ ವಿದ್ಯಾರ್ಥಿಗಳು ತಮ್ಮ ಕೋಣೆಯಲ್ಲಿ ನನಗೆ ಚಾಪೆ ಹಾಸಲು ಜಾಗ ಕೊಟ್ಟರು.

ಮೂವತ್ತು ವರ್ಷ ದಾಟಿದ ಮೇಲೂ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಓದಿಗೆ, ಚಳವಳಿಗೆ, ವಿಚಾರಕ್ಕೆ ಹೆಸರಾದ ಊರೊಂದು ಎಷ್ಟು ಮುಂದೆ ಬಂದಿದೆ ಎಂಬುದನ್ನು ಅದರ ಸಭಾಭವನಗಳಲ್ಲಿ ಅಳೆಯುತ್ತೇವೆ. ಬಾಡಿಗೆಗೆ ಕೋಣೆ ಹುಡುಕಿ ಬಂದ ಹತ್ತೊಂಬತ್ತರ ಹುಡುಗನೋ ಹುಡುಗಿಯೋ ಅದನ್ನು ಅಳೆಯುವುದು ಮನೆಯ ಹೊಸ್ತಿಲಲ್ಲಿ.

ಹತ್ತಿ ಇಳಿದ ದಾರಿ, ಹುಡುಗರು ಹತ್ತಿದ ದಾರಿ

ನಮ್ಮ ಕರಾವಳಿಗೂ ಧಾರವಾಡಕ್ಕೂ ಇರುವ ನಂಟು ಓದಿಗಿಂತ ಹಳೆಯದು. 19ನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಕಪ್ಪುಮಣ್ಣಿನಲ್ಲಿ ಬೆಳೆದ ಹತ್ತಿ ಎತ್ತಿನ ಬೆನ್ನೇರಿ, ಗಾಡಿಯೇರಿ ಘಟ್ಟವಿಳಿದು ಕುಮಟಾ ಬಂದರಿಗೆ ಬರುತ್ತಿತ್ತು. ಬೆಳೆದದ್ದು ಅಲ್ಲಿ, ಹಡಗೇರಿದ್ದು ಇಲ್ಲಿ. ಹಾಗಾಗಿ ಇಂಗ್ಲೆಂಡಿನ ಪೇಟೆಯಲ್ಲಿ ಆ ತಳಿಗೆ ‘ಕುಮಟಾ ಹತ್ತಿ’ ಎಂದೇ ಹೆಸರಾಯಿತು. 1862ರಲ್ಲಿ ಕೆನರಾದ ಉತ್ತರ ಭಾಗವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದಾಗಲೂ ಈ ಕರಾವಳಿಯ ಬಂದರುಗಳು ಮತ್ತು ಹತ್ತಿಯ ವ್ಯಾಪಾರ ಆ ಲೆಕ್ಕಾಚಾರದೊಳಗೆ ಇದ್ದವು. ಅಲ್ಲಿಂದ ಮುಂದೆ ಧಾರವಾಡ, ಬೆಳಗಾವಿ, ವಿಜಾಪುರಗಳ ಜೊತೆ ಉತ್ತರ ಕನ್ನಡವೂ ಒಂದೇ ಆಡಳಿತದಡಿ ಬಂತು.

ನಂತರ ರೈಲು ಬಂತು. ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿ, ಧಾರವಾಡಗಳನ್ನು ಗೋವೆಯ ಮುರ್ಮುಗಾಂವ್ ಬಂದರಿಗೆ ಜೋಡಿಸಿತು. ಹತ್ತಿ ಎತ್ತಿನ ಗಾಡಿ ಬಿಟ್ಟು ರೈಲು ಹತ್ತಿತು. ಕುಮಟಾದ ಹಳೆಯ ವೈಭವ ಇಳಿಯಿತು. ಆ ರೈಲ್ವೆ ಕಂಪನಿಯ ಮುಖ್ಯ ಕಚೇರಿ ಇದ್ದದ್ದು ಧಾರವಾಡದಲ್ಲಿ. ಕಂಪನಿ ಮದ್ರಾಸ್ ರೈಲ್ವೆಯೊಂದಿಗೆ ಸೇರಿ ಕಚೇರಿ ಮದ್ರಾಸಿಗೆ ಹೋದ ಮೇಲೆ ಉಳಿದ ಭವ್ಯ ಕಟ್ಟಡವೇ ಮುಂದೆ ಕರ್ನಾಟಕ ಕಾಲೇಜಾಯಿತು. ನಮ್ಮ ಬಂದರಿನ ಹೊಟ್ಟೆಗೆ ಕಲ್ಲು ಹಾಕಿದ ಕಂಪನಿಯ ಸೂರಿನಡಿಯಲ್ಲೇ ನಮ್ಮ ಊರಿನ ಮಕ್ಕಳು ಶೇಕ್ಸ್‌ಪಿಯರನ್ನೂ ಪಂಪನನ್ನೂ ಓದಿದರು.

ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರಂಥವರ ದುಡಿಮೆ ಅದರ ಹಿಂದಿತ್ತು. ಅದಕ್ಕೆ ಮೊದಲು ಮುಂಬಯಿ ಪ್ರಾಂತ್ಯದ ಕನ್ನಡ ಹುಡುಗ ಬಿ.ಎ. ಮಾಡಬೇಕೆಂದರೆ ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ ಮರುವರ್ಷ ಧಾರವಾಡಕ್ಕೆ ಬಂತು. 1960ರ ದಶಕದಲ್ಲಿ ಕುಮಟಾದಲ್ಲಿ ಡಾ. ಎ.ವಿ. ಬಾಳಿಗಾ ಕಾಲೇಜು, ಹೊನ್ನಾವರದಲ್ಲಿ ಮಲೆನಾಡು ಪ್ರೋಗ್ರೆಸಿವ್ ಶಿಕ್ಷಣ ಸಂಸ್ಥೆಯ ಎಸ್.ಡಿ.ಎಂ. ಕಾಲೇಜು, ಅಂಕೋಲೆಯಲ್ಲಿ ದಿನಕರ ದೇಸಾಯಿಯವರ ಪ್ರಯತ್ನದಿಂದ ಗೋಖಲೆ ಸೆಂಟಿನರಿ ಕಾಲೇಜು ಬಂದವು. ಪದವಿ ಊರಿನ ಹತ್ತಿರಕ್ಕೆ ಬಂತು. ಆದರೆ ಆ ಕಾಲೇಜುಗಳೆಲ್ಲ ಸೇರಿದ್ದು ಧಾರವಾಡದ ವಿಶ್ವವಿದ್ಯಾಲಯಕ್ಕೇ. ಎಂ.ಎ., ಎಂ.ಎಸ್ಸಿ. ಎಂದರೆ ದೇವಿಮನೆ ಘಟ್ಟ ಹತ್ತಿ, ಶಿರಸಿ ದಾಟಿ, ಹುಬ್ಬಳ್ಳಿ ಹಾದು ಅಲ್ಲಿಗೇ ಹೋಗಬೇಕು. ಗೋಕರ್ಣದ ಜಯಂತ ಕಾಯ್ಕಿಣಿ ಬಯೋಕೆಮಿಸ್ಟ್ರಿ ಓದಿದ್ದೂ ಅಲ್ಲೇ. ಹತ್ತಿ ಇಳಿದ ದಾರಿಯಲ್ಲೇ ಹುಡುಗರು ಹತ್ತಿದರು.

ನಳ, ಖಾನಾವಳಿ, ಕಾಟ್ ಬೇಸಿಸ್

ಕರಾವಳಿಯವರಿಗೆ ಧಾರವಾಡದ ಬಾಡಿಗೆ ಬದುಕು ಮೊದಲು ಕಲಿಸುವ ಪಾಠ ನೀರಿನದು. ಧಾರೇಶ್ವರದಲ್ಲಿ ಮನೆಗೊಂದು ಬಾವಿ. ಹಗ್ಗ ಇಳಿಬಿಟ್ಟರೆ ಸಾಕು. ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿರುವ ಧಾರವಾಡಕ್ಕೆ ನೀರು ಬರುವುದು ದೂರದ ಮಲಪ್ರಭೆಯಿಂದ. ಅದೂ ದಿನಾ ಬರುತ್ತಿರಲಿಲ್ಲ. ನಾನಿದ್ದ ಓಣಿಯಲ್ಲಿ ನಾಲ್ಕು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಬರುತ್ತಿತ್ತು. ಬೆಳಗಿನ ಜಾವ ಯಾರೋ ‘ನಳಾ ಬಂತು!’ ಎಂದು ಕೂಗಿದರೆ ಓಣಿಗೆ ಓಣಿಯೇ ಎದ್ದು ಕೂರುತ್ತಿತ್ತು. ಡ್ರಮ್ಮು, ಕೊಡ, ಬಕೀಟು, ಕೊನೆಗೆ ಅನ್ನದ ಪಾತ್ರೆಯೂ ತುಂಬುತ್ತಿದ್ದವು. ಪರೀಕ್ಷೆಯ ದಿನ ನೀರು ಬಂದರೆ ಪಕ್ಕದ ಮನೆಯ ಅಜ್ಜಿ ‘ನೀ ಓದ್ಕೋ, ನಿನ್ನ ಡ್ರಮ್ ನಾ ತುಂಬತೀನಿ’ ಎನ್ನುತ್ತಿದ್ದಳು. 2008ರ ಸುಮಾರಿಗೆ ಹುಬ್ಬಳ್ಳಿ–ಧಾರವಾಡದ ಕೆಲವು ವಾರ್ಡುಗಳಿಗೆ ಇಪ್ಪತ್ನಾಲ್ಕು ತಾಸೂ ನೀರು ಬರುವ ವ್ಯವಸ್ಥೆಯಾಯಿತು. ಅಂದಿನಿಂದ ಬಾಡಿಗೆ ಹೇಳುವಾಗ ನಳದ ಮಾತು ಸೇರಿಕೊಂಡಿತು. ಮನೆ ಎಷ್ಟು ದೊಡ್ಡದು ಎನ್ನುವುದಕ್ಕಿಂತ ನೀರು ಎಷ್ಟು ದಿನಕ್ಕೊಮ್ಮೆ ಎನ್ನುವುದು ಮುಖ್ಯ.

ಎರಡನೆಯ ಪಾಠ ಊಟದ್ದು. ಖಾನಾವಳಿಯ ಜೋಳದ ರೊಟ್ಟಿ, ಝುಣಕ, ಎಣ್ಣಿಗಾಯಿ, ಶೇಂಗಾ ಚಟ್ನಿ ಮೊದಲ ವಾರ ಹೊಟ್ಟೆಗೆ ಪರಕೀಯ, ಎರಡನೆಯ ತಿಂಗಳಿಗೆ ಅದಿಲ್ಲದೆ ಊಟವೇ ಇಲ್ಲ. ತಿಂಗಳ ಲೆಕ್ಕದ ಪುಸ್ತಕದಲ್ಲಿ ಹೆಸರು ಬರೆಸಿದರೆ ಮನಿಯಾರ್ಡರ್ ತಡವಾದ ತಿಂಗಳೂ ರೊಟ್ಟಿ ತಪ್ಪುತ್ತಿರಲಿಲ್ಲ. ಅಲ್ಲಿಯ ಅಕ್ಕ ಒಂದು ದಿನವೂ ನನ್ನ ಜಾತಿ ಕೇಳಲಿಲ್ಲ. ‘ಇನ್ನೊಂದು ರೊಟ್ಟಿ ಹಾಕ್ಲೇನು?’ ಎಂಬುದಷ್ಟೇ ಅವಳ ಪ್ರಶ್ನೆ. ಈ ಊರಿನ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ವಿಶ್ವವಿದ್ಯಾಲಯದ ಮೆಟ್ಟಿಲ ಮೇಲಿಗಿಂತ ಮೊದಲು ಆ ಖಾನಾವಳಿಯ ಮಣೆಯ ಮೇಲೆ.

ಇಂದಿನ ಧಾರವಾಡದ ಬಾಡಿಗೆ ಲೋಕ ಬದಲಾಗಿದೆ. ಸಪ್ತಾಪುರದ ಓಣಿಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್ ಕೇಂದ್ರಗಳು ಸಾಲುಗಟ್ಟಿವೆ. ಪಿಎಸ್‌ಐ, ಪಿಡಿಒ, ಎಫ್‌ಡಿಎ, ಕೆಎಎಸ್ ಎಂದು ಉತ್ತರ ಕರ್ನಾಟಕದ ಎಲ್ಲ ಜಿಲ್ಲೆಗಳಿಂದ ಬರುವ ಯುವಕ ಯುವತಿಯರು ಅಲ್ಲಿ ನೆಲೆಸುತ್ತಾರೆ. ಮನೆ ಹೋಗಿ ಕೋಣೆಯಾಯಿತು, ಕೋಣೆ ಹೋಗಿ ಮಂಚವಾಯಿತು. ಅದಕ್ಕೆ ಊರಿನ ಹೆಸರು ‘ಕಾಟ್ ಬೇಸಿಸ್’. ಒಂದು ಮಂಚ, ಒಂದು ಕಪಾಟು, ಗೋಡೆಗೊಂದು ಪ್ಲಗ್ಗು. ಓದಲು ಬೇರೆ ಸ್ಟಡಿ ಸೆಂಟರ್, ಅಲ್ಲಿ ಒಂದು ಕುರ್ಚಿಗೆ ತಿಂಗಳ ಬಾಡಿಗೆ. ಹುಬ್ಬಳ್ಳಿ–ಧಾರವಾಡಗಳ ನಡುವೆ ‘ಚಿಗರಿ’ ಹೆಸರಿನ ಬಸ್ಸುಗಳು ಓಡತೊಡಗಿದ ಮೇಲೆ ಹುಬ್ಬಳ್ಳಿಯಲ್ಲಿದ್ದು ಧಾರವಾಡದಲ್ಲಿ ಓದುವುದೂ ಸುಲಭವಾಗಿದೆ. ಕಾಟ್ ಬೇಸಿಸ್‌ನಿಂದ ಒಂದು ಒಳ್ಳೆಯದೂ ಆಗಿದೆ. ಮಾಲೀಕ ಮೇಲಿನ ಮಹಡಿಯಲ್ಲಿ ವಾಸಿಸದೆ ಅದನ್ನು ವ್ಯಾಪಾರವಾಗಿ ನಡೆಸುವಾಗ ಜಾತಿಯ ಪ್ರಶ್ನೆ ತುಸು ತಗ್ಗುತ್ತದೆ. ಮಂಚ ಖಾಲಿ ಉಳಿಯಬಾರದಲ್ಲ.

ಆದರೆ ಮದುವೆಯಾಗಿ, ಮಗುವಾಗಿ, ಕೆಲಸ ಹಿಡಿದು ಒಂದು ಸಂಸಾರಕ್ಕೆ ಮನೆ ಬೇಕೆಂದಾಗ ಹಳೆಯ ಪ್ರಶ್ನೆ ತಿರುಗಿ ಬಾಗಿಲಿಗೆ ಬರುತ್ತದೆ. ‘ನೀವು ಯಾವ ಮಂದಿ?’

1917ರ ಇನ್ನೊಂದು ಬಾಗಿಲು

ಧಾರವಾಡದಲ್ಲಿ ಕಾಲೇಜು ಆರಂಭವಾದ ಅದೇ 1917ರಲ್ಲಿ ಬರೋಡೆಯಲ್ಲಿ ಬಾಡಿಗೆಯದ್ದೇ ಇನ್ನೊಂದು ಘಟನೆ ನಡೆಯಿತು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲೂ ಲಂಡನ್ನಿನಲ್ಲೂ ಓದಿ ಬಂದ ಬಿ.ಆರ್. ಅಂಬೇಡ್ಕರ್ ಬರೋಡಾ ಸಂಸ್ಥಾನದ ನೌಕರಿಗೆ ಹೋದರು. ಊರಿನಲ್ಲಿ ಅವರಿಗೆ ಬಾಡಿಗೆಗೆ ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರು ಹೇಳಿಕೊಂಡು ಕೆಲವು ದಿನ ಇದ್ದರು. ನಿಜ ತಿಳಿದಾಗ ದೊಣ್ಣೆ ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಒಂದು ಇಡೀ ದಿನ ಸೂರಿಗಾಗಿ ಅಲೆದು, ಎಲ್ಲೂ ಸಿಗದೆ, ಮುಂಬಯಿಗೆ ಮರಳಿದರು. ಅದನ್ನು ಅವರೇ ಬರೆದಿಟ್ಟಿದ್ದಾರೆ. ಎಷ್ಟು ಓದಿದರೂ ಹೊಸ್ತಿಲ ಆಚೆ ನಿಲ್ಲಬೇಕಾದೀತು ಎಂಬುದನ್ನು ಅವರು ಆ ದಿನ ಕಂಡರು.

ಆ ನೋವಿನ ನೆನಪು ಅವರ ಮುಂದಿನ ಕೆಲಸದಲ್ಲಿ ಕಾಣುತ್ತದೆ. 1920ರ ದಶಕದ ಕೊನೆಯಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ದಲಿತ ವಿದ್ಯಾರ್ಥಿಗಳಿಗೆಂದು ವಸತಿನಿಲಯಗಳನ್ನು ತೆರೆಸಿದಾಗ ಆ ಊರುಗಳ ಪಟ್ಟಿಯಲ್ಲಿ ಧಾರವಾಡವೂ ಇತ್ತು. ಶಾಲೆಗೆ ಸೇರಿಸಿದರೆ ಸಾಲದು, ರಾತ್ರಿ ಮಲಗಲು ಜಾಗ ಬೇಕು ಎಂಬುದು ಅವರಿಗೆ ಮೈಮೇಲೆ ಬಂದ ಪಾಠವಾಗಿತ್ತು.

ಧಾರವಾಡದ ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳು ನಡೆಸಿದ ಉಚಿತ ಪ್ರಸಾದ ನಿಲಯವೂ ಇದೇ ಅರಿವಿನದು. ಹಳ್ಳಿಗಳಿಂದ ಬಂದ ಅಸಂಖ್ಯ ಬಡಮಕ್ಕಳು ಅಲ್ಲಿ ಉಂಡು ಓದಿ ಮೇಲೆ ಬಂದರು. ಕೈಯಲ್ಲಿ ಕಾಸಿಲ್ಲದ ಹುಡುಗರು ವಾರಾನ್ನಕ್ಕೆ ಏಳು ಮನೆ ಹಿಡಿದು ಓದಿದ ಕಾಲವೂ ಇತ್ತು. ಇಂದು ಸಮಾಜ ಕಲ್ಯಾಣ ಇಲಾಖೆಯ, ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್ಲುಗಳಿವೆ. ಅಲ್ಲಿ ಜಾಗ ಸಿಗದವರಿಗೆ ‘ವಿದ್ಯಾಸಿರಿ’ ಯೋಜನೆ ಆರಂಭವಾದಾಗ ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳು ಕೊಡುವ ಏರ್ಪಾಡಾಯಿತು. ನಾಡಿನಲ್ಲಿ ಅಕ್ಷರ ಹರಡಿದ ಕಥೆಯನ್ನು ಬರೆಯುವವರು ಶಾಲೆಗಳನ್ನು ಎಣಿಸುತ್ತಾರೆ. ಹಾಸ್ಟೆಲ್ಲಿನ ಅನ್ನ, ಹಾಸಿದ ಚಾಪೆ ಆ ಲೆಕ್ಕಕ್ಕೆ ಸೇರಬೇಕು.

ತಮ್ಮವರಿಗೊಂದು ಸೂರು

ಸೂರು ಸಿಗದವರು ಏನು ಮಾಡುತ್ತಾರೆ? ತಮ್ಮವರಿಗೆಂದು ತಾವೇ ಒಂದು ಸೂರು ಕಟ್ಟುತ್ತಾರೆ. ಇದರ ಬಹುದೊಡ್ಡ ಉದಾಹರಣೆ ನಮ್ಮ ಕರಾವಳಿಯದೇ. ಭಟ್ಕಳ ತಾಲ್ಲೂಕಿನ ಶಿರಾಲಿಯ ಚಿತ್ರಾಪುರ ಮಠದ ಅನುಯಾಯಿಗಳಾದ ಸಾರಸ್ವತರು ಓದಿಗೆ, ನೌಕರಿಗೆ ಮುಂಬಯಿ ಸೇರಿದರು. ಕಿಷ್ಕಿಂಧೆಯಂಥ ಕೋಣೆಗಳು, ಏರುವ ಬಾಡಿಗೆ. ಆಗ ರಾವ್ ಬಹಾದ್ದೂರ್ ಎಸ್.ಎಸ್. ತಲ್ಮಕಿಯವರು ಮುಂದೆ ನಿಂತು 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ಕಟ್ಟಿದರು. ಭಾರತದ ಸಹಕಾರಿ ವಸತಿ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು. ಬಾಡಿಗೆದಾರರೇ ಕೂಡಿ ಮಾಲೀಕರಾಗುವ ಆ ಕಲ್ಪನೆ ದೇಶಕ್ಕೆ ಕೊಟ್ಟದ್ದು ಬಹಳ.

ಆದರೆ ಹೀಗೆ ಕಟ್ಟಿದ ಸೂರಿಗೆ ಗೋಡೆಯೂ ಇರುತ್ತದೆ. ಪ್ರತಿ ಸಮುದಾಯ ತನ್ನ ಬೋರ್ಡಿಂಗ್, ತನ್ನ ಸೊಸೈಟಿ, ತನ್ನ ಕಾಲೋನಿ ಕಟ್ಟಿಕೊಂಡರೆ ಸಂಘಟನೆ ಮತ್ತು ಹಣವಿದ್ದವರು ಒಳಗೆ ಸೇರುತ್ತಾರೆ. ಎರಡೂ ಇಲ್ಲದವರು ಬೀದಿಯಲ್ಲೇ ಉಳಿಯುತ್ತಾರೆ. 2005ರಲ್ಲಿ ಜೊರಾಸ್ಟ್ರಿಯನ್ ಸಹಕಾರಿ ಗೃಹನಿರ್ಮಾಣ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಎಂಬ ಸಂಘದ ನಿಯಮವನ್ನು ಎತ್ತಿಹಿಡಿಯಿತು. ಒಂದಾಗುವ ಸ್ವಾತಂತ್ರ್ಯಕ್ಕೆ ಮನ್ನಣೆ ಸಿಕ್ಕಿತು. ಅದರ ಜೊತೆಯಲ್ಲೇ ಹೊರಗಿಡುವ ನಿಯಮವೂ ಊರ್ಜಿತವಾಯಿತು.

ನಮ್ಮ ಭಟ್ಕಳದ ಹುಡುಗರ ಕಷ್ಟ ಇನ್ನೂ ಬೇರೆ. ಕೆಲವರು ಮಾಡಿದ ಅಪರಾಧಗಳ ಸುದ್ದಿ ಊರಿನ ಹೆಸರಿಗೇ ಅಂಟಿಕೊಂಡ ಮೇಲೆ ‘ನಮ್ಮೂರು ಭಟ್ಕಳ’ ಎಂದೊಡನೆ ಬೆಂಗಳೂರಿನಲ್ಲಿ ಬಾಡಿಗೆಯ ಮಾತು ಅಲ್ಲಿಗೇ ನಿಲ್ಲುತ್ತದೆ ಎಂದು ನೊಂದು ಹೇಳಿದವರನ್ನು ನಾನು ಬಲ್ಲೆ. 1919ರಿಂದ ಅಂಜುಮನ್ ಸಂಸ್ಥೆ ಶಾಲೆ ಕಾಲೇಜು ಕಟ್ಟಿ ಓದಿಸಿದ ಊರು ಅದು. ಅಲ್ಲಿ ಎಂಜಿನಿಯರಿಂಗ್ ಮುಗಿಸಿದ ಹುಡುಗ ಊರಿನ ಹೆಸರನ್ನು ನುಂಗಿಕೊಂಡು ಮನೆ ಹುಡುಕುವಂತಾದರೆ ಅದು ನಾಡಿಗೇ ನಷ್ಟ.

ಒಂಟಿ ಹೆಣ್ಣುಮಕ್ಕಳಿಗೆ ಪ್ರಶ್ನೆಗಳು ಇನ್ನೂ ಹೆಚ್ಚು. ಯಾರು ಬರುತ್ತಾರೆ, ಎಷ್ಟಕ್ಕೆ ಮರಳುತ್ತೀ, ಮದುವೆ ಯಾವಾಗ? ಗ್ರಂಥಾಲಯದಿಂದ ರಾತ್ರಿ ಒಂಬತ್ತಕ್ಕೆ ಬರುವ ಹುಡುಗನನ್ನು ‘ಓದೂ ಹುಡುಗ’ ಎನ್ನುತ್ತಾರೆ. ಅದೇ ಹೊತ್ತಿಗೆ ಬರುವ ಹುಡುಗಿಯ ಮನೆಯನ್ನು ತಿಂಗಳ ಕೊನೆಗೆ ಖಾಲಿ ಮಾಡಿಸುತ್ತಾರೆ.

ಕಾನೂನು ಎಲ್ಲಿಯವರೆಗೆ ಬರುತ್ತದೆ?

‘ಸಂವಿಧಾನದಲ್ಲಿ ಸಮಾನತೆ ಇಲ್ಲವೇ?’ ಎಂದು ಕೇಳಬಹುದು. 15ನೆಯ ವಿಧಿ ಜಾತಿ, ಧರ್ಮ, ಲಿಂಗಗಳ ಆಧಾರದ ಭೇದವನ್ನು ನಿಷೇಧಿಸುತ್ತದೆ. ಆ ನಿಷೇಧ ಮುಖ್ಯವಾಗಿ ಸರಕಾರಕ್ಕೆ. ನಾಗರಿಕರ ನಡುವಿನ ವ್ಯವಹಾರದಲ್ಲಿ ಅದು ಹೆಸರಿಸುವುದು ಅಂಗಡಿ, ಹೋಟೆಲು, ಮನರಂಜನೆಯ ಸ್ಥಳ, ಕೆರೆ, ಬಾವಿ, ರಸ್ತೆಗಳನ್ನು. ಖಾಸಗಿ ಬಾಡಿಗೆ ಮನೆ ಆ ಪಟ್ಟಿಯಲ್ಲಿಲ್ಲ. ಖಾನಾವಳಿಯ ಅಕ್ಕ ಜಾತಿ ಕೇಳಿ ಅನ್ನ ನಿರಾಕರಿಸುವಂತಿಲ್ಲ. ಮನೆ ಮಾಲೀಕನ ಹೊಸ್ತಿಲವರೆಗೆ ಆ ವಿಧಿ ನೇರವಾಗಿ ಬರುವುದಿಲ್ಲ.

ಹೊಸ್ತಿಲು ದಾಟುವ ಕಾನೂನೂ ಇದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೆಯ ಕಲಮಿನ ಪ್ರಕಾರ, ಯಾವುದೇ ಪ್ರದೇಶದಲ್ಲಿ ವಾಸದ ಮನೆ ಕಟ್ಟುವುದಕ್ಕೆ, ಪಡೆಯುವುದಕ್ಕೆ, ಅದರಲ್ಲಿ ವಾಸಿಸುವುದಕ್ಕೆ ಅಸ್ಪೃಶ್ಯತೆಯ ಕಾರಣದಿಂದ ಅಡ್ಡಿ ಮಾಡುವುದು ಅಪರಾಧ. ಆದರೆ ಯಾರೂ ‘ನೀವು ದಲಿತರು, ಅದಕ್ಕೇ ಕೊಡುವುದಿಲ್ಲ’ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ‘ನಿನ್ನೇನೇ ಕೊಟ್ಟುಬಿಟ್ವಿ’ ಎನ್ನುತ್ತಾರೆ. ಬೋರ್ಡು ಮಾತ್ರ ಗೇಟಿನಲ್ಲಿ ಹಾಗೇ ತೂಗುತ್ತಿರುತ್ತದೆ. ಇದನ್ನು ಸಾಬೀತು ಮಾಡುವುದು ಹೇಗೆ? 2015ರಲ್ಲಿ ಸುಖದೇವ್ ಥೋರಟ್ ಮತ್ತು ಸಂಗಡಿಗರು ದೆಹಲಿ ಮತ್ತು ಸುತ್ತಿನ ಊರುಗಳ ಅಧ್ಯಯನವನ್ನು ಪ್ರಕಟಿಸಿದರು. ಮನೆ ಕೇಳಿದವರ ಓದು, ಕೆಲಸ, ಸಂಬಳ ಸರಿಸಮ. ಬೇರೆಯಾಗಿದ್ದದ್ದು ಹೆಸರು ಸೂಚಿಸುವ ಜಾತಿ ಮತ್ತು ಧರ್ಮ. ಬಾಗಿಲು ತೆರೆದದ್ದೂ ಮುಚ್ಚಿದ್ದೂ ಹೆಸರಿಗೆ ತಕ್ಕಂತೆ.

ಇದು ನಮ್ಮ ದೇಶದ ರೋಗ ಮಾತ್ರವಲ್ಲ. ಅಮೆರಿಕದ ಪ್ರಗತಿಪರ ವಿದ್ಯಾನಗರ ಎಂದೊಡನೆ ನೆನಪಾಗುವ ಊರು ಕ್ಯಾಲಿಫೋರ್ನಿಯಾದ ಬರ್ಕ್ಲಿ. 1963ರಲ್ಲಿ ಅಲ್ಲಿಯ ನಗರಸಭೆ ಬಣ್ಣದ ಕಾರಣಕ್ಕೆ ಮನೆ ನಿರಾಕರಿಸಬಾರದು ಎಂದು ನಿಯಮ ಮಾಡಿತು. ಅದು ಜನಮತಕ್ಕೆ ಹೋದಾಗ ಊರಿನ ಮತದಾರರು ಸಣ್ಣ ಅಂತರದಲ್ಲಿ ಅದನ್ನು ತಳ್ಳಿಹಾಕಿದರು. ಮರುವರ್ಷವೇ ಆ ಊರಿನ ವಿಶ್ವವಿದ್ಯಾಲಯದಲ್ಲಿ ವಾಕ್ ಸ್ವಾತಂತ್ರ್ಯದ ಹೆಸರಾಂತ ಚಳವಳಿ ನಡೆಯಿತು. ಮೈದಾನದಲ್ಲಿ ಮಾತು ಬಿಡುಗಡೆ ಪಡೆದರೂ ಮನೆಯ ಬಾಗಿಲು ತೆರೆಯಲು ಇನ್ನಷ್ಟು ಕಾಲ ಬೇಕಾಯಿತು. 1968ರ ಏಪ್ರಿಲ್‌ನಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದು ವಾರದಲ್ಲಿ ನ್ಯಾಯಯುತ ವಸತಿ ಕಾನೂನು ಇಡೀ ದೇಶಕ್ಕೆ ಬಂತು. ಬ್ರಿಟನ್ನಿನ 1965ರ ಜನಾಂಗ ಸಂಬಂಧ ಕಾಯ್ದೆಯಲ್ಲಿ ಮನೆ ನಿರಾಕರಣೆಗೆ ತಡೆಯಿರಲಿಲ್ಲ. 1968ರ ಕಾಯ್ದೆ ಅದನ್ನು ಸೇರಿಸಿತು. ಅಮೆರಿಕದ ಕಾನೂನು ಕೂಡ ಮಾಲೀಕನೇ ವಾಸಿಸುವ ಸಣ್ಣ ಕಟ್ಟಡಕ್ಕೆ ವಿನಾಯಿತಿ ಕೊಟ್ಟಿದೆ. ಆದರೆ ‘ಇಂಥವರಿಗೆ ಮಾತ್ರ’ ಎಂದು ಜಾಹೀರಾತು ಹಾಕಲು ಅಂಥ ಕಟ್ಟಡಕ್ಕೂ ಅನುಮತಿಯಿಲ್ಲ. ನಮ್ಮಲ್ಲಿ ಕನಿಷ್ಠ ಅಷ್ಟಾದರೂ ಬೇಕು. ಬೋರ್ಡಿನಲ್ಲಿ, ಮೊಬೈಲಿನ ಜಾಹೀರಾತಿನಲ್ಲಿ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದು ಹಾಕಿ ಜಾತಿಯನ್ನು ಸೋಸುವ ಅಭ್ಯಾಸಕ್ಕೆ ಕಾನೂನಿನ ತಡೆ ಬರಬೇಕು.

ಕೀಲಿ ತೆಗೆದುಕೊಳ್ಳುವ ಮುನ್ನ

ಬಾಗಿಲು ತೆರೆದ ಮೇಲೂ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಕರಾರು ಪತ್ರ ಯಾವಾಗಲೂ 11 ತಿಂಗಳಿಗೇ ಏಕೆ? 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು ಹನ್ನೊಂದರ ಲೆಕ್ಕ. ಪತ್ರ ಚಿಕ್ಕದಿದ್ದರೂ ಅದರಲ್ಲಿ ಡಿಪಾಜಿಟ್ ಎಷ್ಟು, ಯಾವಾಗ ಮರಳಿ, ಸುಣ್ಣಬಣ್ಣದ ಖರ್ಚು ಯಾರದು, ಎಷ್ಟು ದಿನ ಮೊದಲು ತಿಳಿಸಬೇಕು, ಕರೆಂಟಿನ ಮೀಟರ್ ಬೇರೆಯೇ, ನೀರಿನ ಬಿಲ್ಲು ಹೇಗೆ ಹಂಚಿಕೆ ಎಂಬುದನ್ನು ಬರೆಸಿಕೊಳ್ಳಬೇಕು. ಒಳಗೆ ಬರುವ ದಿನವೇ ಗೋಡೆಯ ಬಿರುಕು, ಒಡೆದ ನಳ, ಮೀಟರಿನ ಅಂಕಿಗಳ ಫೋಟೋ ತೆಗೆದಿಟ್ಟುಕೊಂಡರೆ ಬಿಡುವ ದಿನ ಜಗಳ ಇರುವುದಿಲ್ಲ. ಬಾಡಿಗೆ ನಗದಾಗಿ ಕೊಟ್ಟರೆ ರಸೀದಿ ಕೇಳಬೇಕು.

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವ ರೂಢಿ ಬಹಳ ಕಾಲದಿಂದ ಇದೆ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಡಿಪಾಜಿಟ್ ಬೇಡ ಎನ್ನುತ್ತದೆ. ಮಾಲೀಕ ಒಳಗೆ ಬರಬೇಕಿದ್ದರೆ 24 ತಾಸು ಮೊದಲು ತಿಳಿಸಬೇಕು ಎನ್ನುತ್ತದೆ. ಅದು ಮಾದರಿ ಮಾತ್ರ. ರಾಜ್ಯಗಳು ತಮ್ಮದಾಗಿಸಿಕೊಂಡಲ್ಲಿ ಮಾತ್ರ ಅದಕ್ಕೆ ಬಲ. ಅದರಲ್ಲೂ ಜಾತಿ, ಧರ್ಮ ನೋಡಿ ಮನೆ ನಿರಾಕರಿಸಬಾರದು ಎಂಬ ಕಲಮಿಲ್ಲ. ಬಾಡಿಗೆ ಕಾನೂನುಗಳೆಲ್ಲ ಶುರುವಾಗುವುದು ಒಳಗೆ ಕಾಲಿಟ್ಟವನಿಂದ. ಹೊರಗೆ ನಿಂತವನನ್ನು ಅವು ಕಾಣುವುದಿಲ್ಲ.

ಧಾರೇಶ್ವರದ ಬಾಗಿಲು

ಇಷ್ಟನ್ನೂ ಧಾರವಾಡದ ಮೇಲೆ ಹೊರಿಸಿ ಮುಗಿಸಿದರೆ ಅನ್ಯಾಯವಾಗುತ್ತದೆ.

ನಮ್ಮ ಧಾರೇಶ್ವರ ಕುಮಟಾ ಮತ್ತು ಹೊನ್ನಾವರದ ನಡುವೆ, ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಊರು. ಗೋಕರ್ಣದ ಆತ್ಮಲಿಂಗದ ಕಥೆಯಲ್ಲಿ ಹೆಸರು ಬರುವ ಐದು ಕ್ಷೇತ್ರಗಳಲ್ಲಿ ಒಂದಾದ ಧಾರಾನಾಥನ ಗುಡಿ ನಮ್ಮದು. ನಾನು ಮೂರನೆಯ ತರಗತಿಯಲ್ಲಿದ್ದಾಗ ಹೊಸದಾಗಿ ಬಂದ ಮಾಸ್ತರರೊಬ್ಬರು ನಮ್ಮ ಮನೆಯ ಹೊರಕೋಣೆ ಬಾಡಿಗೆಗೆ ಕೇಳಲು ಬಂದಿದ್ದರು. ಅಜ್ಜ ಜಗಲಿಯಲ್ಲಿ ಕೂತಿದ್ದ. ಮಾಸ್ತರರನ್ನು ಕೂರಿಸಿ, ಬೆಲ್ಲ ನೀರು ಕೊಡಿಸಿ, ಬಹಳ ಮೃದುವಾಗಿ ‘ನಿಮ್ದು ಎಲ್ಲಾಯ್ತು?’ ಎಂದು ಕೇಳಿದ. ನಮ್ಮ ಕಡೆ ಆ ಮಾತಿಗೆ ಊರು ಯಾವುದು ಎಂದಷ್ಟೇ ಅರ್ಥವಿಲ್ಲ. ಯಾರ ಪೈಕಿ ಎಂದೂ ಅರ್ಥ. ಮಾಸ್ತರರು ಹೇಳಿದರು. ಅಜ್ಜ ತಲೆ ತಗ್ಗಿಸಿ, ‘ಆ ಕೋಣೆ ಮೊಮ್ಮಗನ ಓದಿಗೆ ಬೇಕು’ ಎಂದ.

ಮೊಮ್ಮಗ ನಾನೇ. ಆ ಕೋಣೆಯಲ್ಲಿ ನಾನು ಒಂದು ದಿನವೂ ಓದಲಿಲ್ಲ. ಅದರಲ್ಲಿ ತೆಂಗಿನಕಾಯಿ ರಾಶಿ ಬಿದ್ದಿತ್ತು. ಮಾಸ್ತರರು ಆ ವರ್ಷವೆಲ್ಲ ಕುಮಟಾದಿಂದ ಸೈಕಲ್ ತುಳಿದು ಬಂದರು. ಮಳೆಗಾಲದಲ್ಲಿ ಒದ್ದೆಯಾಗಿ ಬಂದು, ಅಂಗಿ ಹಿಂಡಿ, ನಮಗೆ ಮಗ್ಗಿ ಹೇಳಿಕೊಟ್ಟರು. ಅವರ ಒದ್ದೆ ಅಂಗಿಗೂ ನಮ್ಮ ಹೊರಕೋಣೆಗೂ ಸಂಬಂಧವಿದೆ ಎಂದು ನನಗೆ ತಿಳಿದದ್ದು ಹದಿನೈದು ವರ್ಷದ ನಂತರ, ಧಾರವಾಡದಲ್ಲಿ ಪುಸ್ತಕದ ಗೋಡೆಯಿದ್ದ ಆ ಮನೆಯಿಂದ ಹೊರಬಿದ್ದು ಪಾರಿಜಾತದ ಕೆಳಗೆ ಚಪ್ಪಲಿ ಮೆಟ್ಟಿಕೊಳ್ಳುವಾಗ.

ಮೊದಲು ಕೊಂಕಣ ರೈಲ್ವೆಯ ಕೆಲಸಕ್ಕೆ, ನಂತರ ಹೆದ್ದಾರಿ ಅಗಲೀಕರಣಕ್ಕೆ ಹೊರಗಿನವರು ಬಂದು ನಮ್ಮ ಕಡೆಯೂ ಬಾಡಿಗೆಯ ವ್ಯವಹಾರ ಬೆಳೆಯಿತು. ಅಜ್ಜ ತೀರಿಹೋಗಿ ಬಹಳ ವರ್ಷಗಳಾದ ಮೇಲೆ, ನವಲಗುಂದ ಕಡೆಯ ತರುಣ ಶಿಕ್ಷಕಿಯೊಬ್ಬಳು ಅದೇ ಹೊರಕೋಣೆ ಕೇಳಿ ಬಂದಳು. ನಾನು ರಜೆಗೆ ಊರಿನಲ್ಲಿದ್ದೆ. ಜಗಲಿಯಲ್ಲಿ ಈಗ ಆಯಿ ಕೂತಿದ್ದಳು. ಅವಳು ಬಾಯಿ ತೆರೆದಾಗ ನನ್ನ ಎದೆ ಹೊಡೆದುಕೊಂಡಿತು. ‘ನಿಮ್ದು ಎಲ್ಲಾಯ್ತು?’ ಎಂಬ ಮಾತು ಬಂದೇ ಬರುತ್ತದೆ ಎಂದುಕೊಂಡೆ.

‘ತಂಗಿ, ನಾವು ದಿನಾ ಮೀನು ಮಾಡ್ತೇವು. ವಾಸನೆ ನಿನ್ನ ಕೋಣೆಗೂ ಬತ್ತದೆ. ನಿಂಗೆ ಅಡ್ಡಿಲ್ವನೆ?’

ಹುಡುಗಿ ಒಂದು ಗಳಿಗೆ ಯೋಚಿಸಿದಳು. ‘ರೂಢಿ ಆಗ್ತದ ಬಿಡ್ರಿ. ನಾ ಬೆಳ್ಳುಳ್ಳಿ ಚಟ್ನಿ ಕುಟ್ಟಿದ್ರ ನಿಮಗ ನಡೀತೇತೇನ್ರಿ?’ ಎಂದಳು.

ಧಾರವಾಡದ ಮನೆಯಲ್ಲೂ ಪ್ರಶ್ನೆ ಮೀನಿನದ್ದೇ ಆಗಿತ್ತು. ಅಲ್ಲಿ ಅದನ್ನು ಕೇಳಿದ್ದು ನನ್ನನ್ನು ಹೊರಗಿಡಲು. ಇಲ್ಲಿ ಆಯಿ ಕೇಳಿದ್ದು ಒಂದೇ ಗೋಡೆಯ ಎರಡು ಬದಿಗೆ ಇಬ್ಬರೂ ಹೇಗೆ ಇರಬಹುದು ಎಂದು ತಿಳಿಯಲು. ಅದನ್ನು ಅವಳಿಗೆ ಯಾವ ಕಾನೂನೂ ಕಲಿಸಿರಲಿಲ್ಲ. ಅಟ್ಟಕ್ಕೆ ತಿರುಗಿ ಇಟ್ಟ ಒಣಸಿಗಡಿಯ ಪೊಟ್ಟಣ ಕಲಿಸಿರಬೇಕು.

ಆ ಸಂಜೆ ನಾನೂ ಆಯಿಯೂ ಸೇರಿ ಹೊರಕೋಣೆಯ ತೆಂಗಿನಕಾಯಿಗಳನ್ನು ಕೊಟ್ಟಿಗೆಗೆ ಸಾಗಿಸಿದೆವು. ನೆಲ ಗುಡಿಸಿ, ಕಿಟಕಿ ತೆಗೆದು, ಕೀಲಿಯನ್ನು ಆ ಹುಡುಗಿಯ ಕೈಗೆ ಕೊಟ್ಟೆವು.